ಕೆಡಿಸಾಂವನ ಹುಬ್ಬು

ನಿನ್ನೆ ಬೆಳಿಗ್ಗೆ ನಮ್ಮ ಹೊಸ ಗ್ಯಾಸ್ ಒಲೆ ಎರಡು ಸಲ ಟಿಕ್ ಎಂದು ಸುಮ್ಮನಾಗಿ, ಮೂರನೆಯ ಸಲಕ್ಕೆ ಭಗ್ಗೆಂದಿತು. ಹೆಂಡತಿ ಅರ್ಧ ಹೆಜ್ಜೆ ಹಿಂದೆ ಸರಿದು, ಏನೂ ಆಗದವಳಂತೆ ಚಹಾಕ್ಕೆ ನೀರಿಟ್ಟಳು. ನಾನು ಮಾತ್ರ ಪಡಸಾಲೆ ದಾಟಿ ಅಂಗಳದಲ್ಲಿದ್ದೆ. ಬಲಗೈ ಹುಬ್ಬಿನ ಮೇಲಿತ್ತು. ಹುಬ್ಬು ಇತ್ತು. ಅಲ್ಲಿಂದಲೇ, ಒಲೆ ಹೆಂಗೈತಿ ಎಂದು ಕೇಳಿದೆ. "ಛಲೋ ಐತಿ" ಎಂದಳು. ಆರಿಸಿ ತಂದವನು ನಾನೇ ಆದ್ದರಿಂದ ಸಂತೋಷಪಡಬೇಕಿತ್ತು. ಅಂಗಳ ಬಿಟ್ಟು ಕದಲಲಿಲ್ಲ.

ನೀವು ನಗಬಹುದು. ಆದರೆ ಒಲೆಯ ಮುಂದೆ ನನ್ನ ಧೈರ್ಯ ಹೋದದ್ದು ಇಂದು ನಿನ್ನೆಯಲ್ಲ, ಎಂಬತ್ತರ ದಶಕದ ಆರಂಭದಲ್ಲಿ. ಕೊಪ್ಪಳದಲ್ಲಿ ಬಿಎಸ್ಸಿ ಮುಗಿಸಿ, ಕೆಲಸ ಸಿಗದೆ, ಗಂಗಾವತಿಯ ಸೋದರಮಾವನ ಮನೆಯಲ್ಲಿ ಉಂಡುಕೊಂಡಿದ್ದ ದಿನಗಳವು. ಸೋಮಣ್ಣ ಮಾಮಾ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಗಿರಣಿಯ ಹಿಂದೆ ಭತ್ತದ ಹೊಟ್ಟು ಗುಡ್ಡದಂತೆ ಬಿದ್ದಿರುತ್ತಿತ್ತು. ಗಾಳಿ ಬೀಸಿದರೆ ಊಟದ ತಾಟಿನಲ್ಲೂ ಅದೇ. ಈ ಹೊಟ್ಟನ್ನು ಉರಿಸಿ ಅಡುಗೆ ಮಾಡಬೇಕೆಂಬುದು ಮಾಮಾನ ಹುಚ್ಚು. ಎಣ್ಣೆ ಡಬ್ಬಿಯ ನಡುವೆ ಒನಕೆ ನಿಲ್ಲಿಸಿ, ಸುತ್ತ ಹೊಟ್ಟು ಜಡಿದು, ಒನಕೆ ಎಳೆದುಬಿಟ್ಟರೆ ನಡುವೆ ಒಂದು ಕೊಳವೆ ಉಳಿಯುತ್ತದೆ. ಡಬ್ಬಿಯ ತಳದಲ್ಲಿ ಗಾಳಿಗೊಂದು ಪುಟ್ಟ ಬಾಗಿಲು. ಅಷ್ಟೇ ಒಲೆ. ಇದನ್ನು ಮಾಡಿ ಮಾರು ಎಂದು ಹೇಳಿದವರಿಗೆ ಮಾಮಾ ನೀರು ಬೇಕೇನೆಂದೂ ಕೇಳುತ್ತಿರಲಿಲ್ಲ. ಗಿರಣಿಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಒಲೆಯ ಚಿತ್ರ ಬರೆದು, ಕೆಳಗೆ "ಯಾರು ಬೇಕಾದರೂ ಮಾಡಿಕೊಳ್ಳಿರಿ, ತಪ್ಪು ಕಂಡರೆ ತಿಳಿಸಿರಿ" ಎಂದು ಬರೆದಿದ್ದ.

ಮಂದಿ ಮಾಡಿಕೊಂಡರು. ತಪ್ಪು ಮಾತ್ರ ಯಾರೂ ತಿಳಿಸಲಿಲ್ಲ. ನಮ್ಮ ಕಡೆಯ ಸಭ್ಯತೆ ನಿಮಗೆ ಗೊತ್ತಲ್ಲ. ಕುಷ್ಟಗಿಯ ಬೀಗರ ಮನೆಯಲ್ಲಿ ಒಮ್ಮೆ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ನಮ್ಮಪ್ಪ "ಛಲೋ ಆಗೇತ್ರಿ" ಎಂದು ಎರಡನೆಯ ಸಲ ಹಾಕಿಸಿಕೊಂಡು, ನಮ್ಮೂರು ಯಲಬುರ್ಗಾಕ್ಕೆ ಬಂದು ಬರಿ ಉಪ್ಪು ನೆಕ್ಕಿದ್ದರು. ಒಲೆಗೂ ಅದೇ ಮರ್ಯಾದೆ. ಯಾರನ್ನು ಕೇಳಿದರೂ ಛಲೋ ಐತ್ರಿ.

"ಬಾಯಿಲೆ ಛಲೋ ಅಂತಾರ, ಒಲಿಯೊಳಗ ಉಳ್ಳಾಗಡ್ಡಿ ತುಂಬಿಟ್ಟಾರ," ಎಂದ ಮಾಮಾ ಒಂದು ದಿನ. "ನನಗೊಬ್ಬ ಕೆಡಿಸಾಂವ ಬೇಕು. ಅಂವ ಹೆಂಗ ಬೇಕಾದ್ರೂ ಕೆಡಿಸಲಿ. ಎಲ್ಲಿ ಕೆಟ್ಟಿತು ಅಷ್ಟ ಹೇಳಲಿ."

"ಕೆಡಿಸಾಕ ಬಿಎಸ್ಸಿ ಓದಬೇಕೇನ್ರಿ?" ಎಂದಳು ಗೌರತ್ತಿ, ಅವನ ಹೆಂಡತಿ. "ಉಂಡು ಕುಂತಾಂವ ಅದಾನಲ್ಲ, ಹಚ್ಚರಿ."

ಹೀಗೆ ನನ್ನ ಮೊದಲ ಉದ್ಯೋಗ ಶುರುವಾಯಿತು. ಸಂಬಳವಿಲ್ಲ, ಹೆಸರು ಮಾತ್ರ ಓಣಿಯ ತುಂಬ. ಹಸಿ ಹೊಟ್ಟು ತುಂಬಿದೆ, ಸಡಿಲ ಜಡಿದೆ, ಭಾರದ ಕೊಡ ಇಟ್ಟು ಒಲೆಯನ್ನೇ ಕುಳ್ಳಗೆ ಮಾಡಿದೆ. ಕೆಡಿಸುವುದು ಕಷ್ಟವಾಗಲಿಲ್ಲ, ಹೇಳುವುದು ಕಷ್ಟವಾಯಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಮಾಮಾನ ಮುಖ ಕಂಡೊಡನೆ ಬಾಯಿ ತಾನೇ ಛಲೋ ಐತಿ ಎನ್ನುತ್ತಿತ್ತು. ಕೊನೆಗೆ ಆ ಮಾತು ಅಂದ ದಿನ ಮಧ್ಯಾಹ್ನದ ಚಹಾ ಇಲ್ಲವೆಂದು ಅತ್ತಿ ಕಾನೂನು ಮಾಡಿದಳು. ಬಹಳ ದಿನ ಚಹಾ ಕುಡಿಯಲಿಲ್ಲ.

ಆಗ ಮಾಮಾ ಒಲೆಗೊಂದು ಮುಚ್ಚಳ ಮಾಡಿದ. ಹೊಗೆ ಆಚೆ ಹೋಗದೆ ಒಳಗೇ ಉರಿಯಬೇಕೆಂಬುದು ಅವನ ಲೆಕ್ಕ. ಅದೂ ಗೋಡೆಗೆ ಏರಿತು. ಪಕ್ಕದ ಮನೆಯ ನೀಲವ್ವ ಅಂದೇ ನೋಡಿ ಮಾಡಿಸಿಕೊಂಡಳು. ಮರುದಿನ ಬೆಳಿಗ್ಗೆ ನಾನು ಪರೀಕ್ಷೆಗೆ ಕುಳಿತೆ. ಉರಿ ಹತ್ತಿತು, ಸ್ವಲ್ಪ ಹೊತ್ತಿಗೆ ಆರಿತು. ಬಿಎಸ್ಸಿ ಓದಿದ ನಾನು ಮುಚ್ಚಳದ ತೂತಿನ ಮೇಲೆ ಬಗ್ಗಿ ಬೆಂಕಿಕಡ್ಡಿ ಕೊರೆದೆ.

ಶಬ್ದಕ್ಕಿಂತ ಮೊದಲು ಬಿಸಿ ಬಂತು. ಮುಚ್ಚಳ ಕಿವಿಯ ಪಕ್ಕದಲ್ಲೇ ಹಾರಿ ಮಾಡಿನ ಹಂಚಿಗೆ ಬಡಿಯಿತು. ಕೂದಲು ಸುಟ್ಟ ವಾಸನೆ. ಮಾಮಾ ಚರಿಗೆ ನೀರು ಹಿಡಿದು ಓಡಿ ಬಂದು, "ಏನಾತೋ?" ಎಂದ.

"ಛಲೋ ಐತ್ರಿ ಮಾಮಾ," ಎಂದೆ.

ಅತ್ತಿ ನನ್ನ ಮುಖ ನೋಡಿದಳು. "ಹುಬ್ಬು ಎಲ್ಲಿ ಇಟ್ಟು ಬಂದಿ?" ಎಂದವಳು, ಮರುಕ್ಷಣ ಪಕ್ಕದ ಮನೆಯ ಕಡೆ ತಿರುಗಿದಳು. "ಅಯ್ಯ, ನೀಲವ್ವ."

ನಾನು ಓಡಿದೆ. ನೀಲವ್ವ ಹಿತ್ತಲಲ್ಲಿ ಆರಿದ ಒಲೆಯ ಮೇಲೆ ಬಗ್ಗಿದ್ದಳು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಕಡ್ಡಿ. "ನೀಲವ್ವಾ, ಕೊರಿಬ್ಯಾಡ," ಎಂದೆ.

"ಯಾಕ ತಮ್ಮಾ? ಒಲಿ ಛಲೋ ಐತಲ್ಲ," ಎಂದು ತಲೆಯೆತ್ತಿದಳು. ನಾನು ಹುಬ್ಬಿದ್ದ ಜಾಗ ತೋರಿಸಿದೆ. ಆಕೆ ನೋಡಿ, ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ, ಸೆರಗಿನ ಕೆಳಗಿನಿಂದ ಕುಪ್ಪಸದ ತೋಳು ಎಳೆದು ತೋರಿಸಿದಳು. ಅಂಚು ಕಪ್ಪಗೆ ಸುಟ್ಟಿತ್ತು.

"ನಿನ್ನಿ ಸಂಜಿಕ ಆತು. ಸೋಮಣ್ಣ ಆಸೆಪಟ್ಟು ಭಾಳ ಹೌಸಿಲೆ ಮಾಡ್ಯಾನ, ಹೆಂಗ ಹೇಳಲಿ?"

ನನ್ನ ಹಿಂದೆಯೇ ಚರಿಗೆ ಹಿಡಿದು ಬಂದು ನಿಂತಿದ್ದ ಮಾಮಾ ಅದನ್ನು ಕೇಳಿದ. ನೇರ ಗೋಡೆಗೆ ಹೋಗಿ ಮುಚ್ಚಳವನ್ನು ಅಳಿಸಿದ. "ಉರಿ ಆರಿದರೆ ಕೆಳಗಿನ ಬಾಗಿಲು ತೆಗೆದು ಹೊಗೆ ಬಿಡಿರಿ, ಆಮೇಲೆ ದೂರದಿಂದ ಕಡ್ಡಿ" ಎಂದು ಬರೆದ. ಓದು ಬಾರದವರಿಗಾಗಿ ಪಕ್ಕದಲ್ಲೊಂದು ಹುಬ್ಬಿಲ್ಲದ ಮುಖ ಬಿಡಿಸಿದ. ಹೋಲಿಕೆ ಚೆನ್ನಾಗಿತ್ತು. ಮಂದಿ ನೋಡಿ ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರಾಗಿ, ನಮ್ಮದೂ ಹೀಗಾಗಿತ್ತು ಎಂದು ಬಾಯಿಬಿಟ್ಟರು. ಮಾಮಾನಿಗೆ ಗೋಡೆ ಸಾಲದಾಯಿತು. ನನಗೆ ಚಹಾ ಮತ್ತೆ ಶುರುವಾಯಿತು.

ಹುಬ್ಬು ಬೆಳೆದವು. ಆದರೆ ಇಂದಿಗೂ ಕಣ್ಣು ಮುಚ್ಚಿದರೆ ನೀಲವ್ವ ಬಗ್ಗಿದ್ದಾಳೆ, ನಾನಿನ್ನೂ ಬಾಗಿಲು ದಾಟುತ್ತಿದ್ದೇನೆ. ಮುಖ ತೊಳೆದು ಹೋಗೋಣವೆಂದಿದ್ದರೆ?

ನಿನ್ನೆ ಅಂಗಳದಲ್ಲಿ ಇಷ್ಟೆಲ್ಲ ನೆನೆದು ಒಳಗೆ ಬಂದೆ. ಗ್ಯಾಸ್ ಬಂದ್ ಮಾಡಿ, ಕಿಟಕಿ ತೆಗೆದು, ಹೆಂಡತಿಯ ಎದುರು ಕುಳಿತೆ. "ಛಲೋ ಐತಿ ಅನಬ್ಯಾಡ. ಏನು ಕೆಟ್ಟೈತಿ, ಖರೇ ಹೇಳು," ಎಂದೆ.

ಆಕೆ ಸೌಟು ಕೆಳಗಿಟ್ಟು, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಒಲಿಯಿಂದ ಸುರು ಮಾಡ್ಲ್ಯೋ, ನಿಮ್ಮಿಂದ ಸುರು ಮಾಡ್ಲ್ಯೋ?"