ಸಕ್ಕರೆ ಬಸವಣ್ಣನೂ ಹೊನ್ನಾಳಿಯ ಜಗಳಗಂಟಿಯೂ

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ನನಗೆ ಮೈಯೆಲ್ಲ ಸಿಟ್ಟು. ಓಣಿಯ ಹುಡುಗಿಯರು ಹೊಸ ಬಳೆ, ಹೊಸ ಲಂಗ ಅಂತ ಸಡಗರದಲ್ಲಿರುವಾಗ ನಾನು ಚನ್ನಗಿರಿಯ ನಮ್ಮ ಮನೆಯ ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಬೆವರು ಸುರಿಸುತ್ತ ಸಕ್ಕರೆ ಆರತಿ ಹೊಯ್ಯುತ್ತಿರುತ್ತೇನೆ. ನೀರಲ್ಲಿ ನೆನೆಸಿ, ಎರಡು ಹೋಳು ಸೇರಿಸಿ ದಾರ ಕಟ್ಟಿದ ಮರದ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ತೆಗೆಯುವ ಆನೆ, ನವಿಲು, ತುಳಸಿಕಟ್ಟೆ, ಬಸವಣ್ಣ. ಇವನ್ನೆಲ್ಲ ತಟ್ಟೆಯಲ್ಲಿಟ್ಟು, ದೀಪ ಹಚ್ಚಿ, ಹೆಣ್ಣುಮಕ್ಕಳು ಗೌರಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಸೀರೆಯ ಜೊತೆ ಗಂಡಿನ ಮನೆಯಿಂದಲೇ ಆರತಿ ಹೋಗಬೇಕು. ಅದರಲ್ಲಿ ಒಂದು ಆನೆಯ ಸೊಂಡಿಲು ಮುರಿದಿದ್ದರೂ ಸಾಕು, ಎರಡೂ ಮನೆಗಳಲ್ಲಿ ಹಬ್ಬ ಮುಗಿಯುವ ತನಕ ಅದೇ ಮಾತು.

ಈ ಕೆಲಸ ಕಲಿಸಿದ್ದು ನಮ್ಮತ್ತೆ. ಅಚ್ಚುಗಳೂ ಅವರವೇ. ಅವರಿದ್ದಾಗ ನಾನು ಪಾಕ ತಿರುವುತ್ತಿದ್ದೆ, ಅವರು ಹೊಯ್ಯುತ್ತಿದ್ದರು. ಅವರು ಶಿವನ ಪಾದ ಸೇರಿದ ಮೇಲೆ ಒಬ್ಬಳೇ. ಒಬ್ಬಳೇ ಮಾಡುವುದೆಂದರೇನು ಅಂತ ಆರತಿ ಕೊಳ್ಳುವವರಿಗೆ ಗೊತ್ತಿಲ್ಲ. ಕುದಿಯುವ ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಹದಕ್ಕೆ ಬಂದಾಗ ಇಳಿಸಿ ತಿರುವುತ್ತ ಹೋದರೆ ಒಂದು ಗಳಿಗೆಯಲ್ಲಿ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಆಗ ಹೊಯ್ಯಬೇಕು. ಮೊದಲು ಹೊಯ್ದರೆ ಅಚ್ಚಿಗೆ ಅಂಟುತ್ತದೆ, ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ. ಒಂದು ಕೈಯಲ್ಲಿ ತಿರುವುತ್ತ ಇನ್ನೊಂದು ಕೈಯಲ್ಲಿ ಹೊಯ್ಯುವಷ್ಟರಲ್ಲಿ ನನಗೆ ಸಿಕ್ಕುತ್ತಿದ್ದುದು ಅರ್ಧ ಪಾಕ. ಉಳಿದರ್ಧವನ್ನು ಕೆರೆದು ತೆಗೆದು, ನೀರು ಹಾಕಿ, ಮತ್ತೆ ಒಲೆಯ ಮೇಲಿಡುವುದು. ಎರಡನೇ ಸಲ ಕಾಯಿಸಿದ ಸಕ್ಕರೆ ಬೆಳ್ಳಗಿರುವುದಿಲ್ಲ. ಅದಕ್ಕೆ ಮತ್ತೆ ಬೈಗುಳ.

ಬೈಯುವವರಿಗೇನು ಬರ. ಮಹಡಿ ಮೇಲಿರುವ ನನ್ನ ವಾರಗಿತ್ತಿ ಮೆಟ್ಟಿಲ ಮೇಲೆ ನಿಂತು, ನನಗೆ ಕೇಳಲಿ ಅಂತಲೇ ಫೋನಿನಲ್ಲಿ ಹೇಳುತ್ತಿದ್ದಳು: “ಅಂಗಡೀಲಿ ಬಣ್ಣಬಣ್ಣದ್ದು ಸಿಗ್ತೈತೆ ಕಣೆ. ನಮ್ಮಕ್ಕಂಗೆ ಸುಮ್ನಿರಾಕೆ ಬರಲ್ಲ, ಇರುವೆ ಕರ್ಕಂಡು ಬಂದು ಮನೆ ತುಂಬಿಸ್ತಾಳೆ.” ಫೋಟೋ ಕಳಿಸಿ ಅಂತ ಮೆಸೇಜು ಹಾಕಿದವರು ನೋಡಿ ಸುಮ್ಮನಾಗುತ್ತಿದ್ದರು. ಒಬ್ಬರಂತೂ ನನ್ನ ನವಿಲಿನ ಫೋಟೋವನ್ನು ತಮ್ಮ ಮಗಳು ಮಾಡಿದ್ದು ಅಂತ ಸ್ಟೇಟಸ್ಸಿಗೆ ಹಾಕಿಕೊಂಡರು. ಮೊದಲೆಲ್ಲ ಅಚ್ಚು ಬಿಚ್ಚುವಾಗ ಎದೆ ಹಾರುತ್ತಿತ್ತು, ಒಳಗಿನಿಂದ ಏನು ಹುಟ್ಟಿಬರುತ್ತದೋ ಅಂತ. ಈಚೀಚೆಗೆ ಅದೂ ಇರಲಿಲ್ಲ. ಹೊಯ್ಯುವುದು, ಬಿಚ್ಚುವುದು, ಬೈಸಿಕೊಳ್ಳುವುದು.

ಹೋದ ವರ್ಷ ಹಬ್ಬಕ್ಕೆ ಮುಂಚೆ ಯಜಮಾನರಿಗೆ ಹೇಳಿಬಿಟ್ಟೆ: “ಇದೇ ಕೊನೆ. ಹಬ್ಬ ಮುಗಿದ ಮ್ಯಾಲೆ ಅಚ್ಚು ಮಾರಿಬಿಡ್ರಿ. ಹಳೇ ಮರದ ಸಾಮಾನು ತಗಳ್ಳೋರು ಬರ್ತಾರಲ್ಲ.”

ಬ್ಯಾಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಮೊಬೈಲಿನಿಂದ ತಲೆ ಎತ್ತದೆ “ಸರಿ ಬಿಡು” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಲಿಂಗಪೂಜೆಗೆ ಕೂತಾಗಲೂ ಅದೇ ಮಾತು ತಲೆಯಲ್ಲಿ ಗುಯ್ಯನ್ನುತ್ತಿತ್ತು. ಅಷ್ಟಾದರೂ ಎಲ್ಲರೂ ಉಂಡು ಆರೋಗ್ಯವಾಗಿದ್ದೇವೆ, ಅದು ಶಿವನ ದಯೆ ಅಂತ ವಿಭೂತಿ ಹಚ್ಚಿಕೊಂಡು ಎದ್ದೆ.

ಆಗ ನ್ಯಾಮತಿಯಿಂದ ಹೆಂಗಸೊಬ್ಬರ ಫೋನು ಬಂತು. ಆಯಮ್ಮ ಮಗನಿಗೆ ಸವಳಂಗದ ಹುಡುಗಿಯನ್ನು ಗೊತ್ತು ಮಾಡಿದ್ದರು. ಹುಡುಗಿಗೆ ಕಳಿಸಲು ದೊಡ್ಡ ಬಸವಣ್ಣ ಬೇಕು ಅಂದರು. ಅಂಥ ದೊಡ್ಡ ಅಚ್ಚು ನಮ್ಮಲ್ಲಿ ಮಾತ್ರ ಇತ್ತು. ಕೊನೆಯ ಕೆಲಸ ದೊಡ್ಡದೇ ಆಗಲಿ ಅಂತ ಒಪ್ಪಿಕೊಂಡೆ. ಅಷ್ಟರಲ್ಲಿ ಆಯಮ್ಮ ಹೇಳಿದರು: “ಆನೆ, ನವಿಲು ಎಲ್ಲ ಹೊನ್ನಾಳಿಯಾಕೆಗೆ ಹೇಳೀವ್ರಿ. ಆಕೆ ಹೇಳಿದ್ಲು, ನೀವು ಸಕ್ಕರೆಗೆ ಮೈದಾ ಬೆರೆಸ್ತೀರಂತೆ? ಬಸವಣ್ಣಗೆ ಬೆರೆಸಬ್ಯಾಡ್ರಿ ಮತ್ತೆ.”

ಕಿವಿಗೆ ಕಾದ ಪಾಕ ಬಿದ್ದಂತಾಯಿತು. ಹೊನ್ನಾಳಿಯ ಆ ಹೆಂಗಸನ್ನು ನಾನು ನೋಡಿರಲೇ ಇಲ್ಲ. ಅವಳೂ ಮನೆಯಲ್ಲಿ ಆರತಿ ಮಾಡಿ ಮಾರುತ್ತಾಳೆ ಅನ್ನುವುದಷ್ಟೇ ಗೊತ್ತು. ಅದೇ ಸಿಟ್ಟಿನಲ್ಲಿ ಬಸವಣ್ಣ ಹೊಯ್ದೆ. ಹಾಳಾಯಿತು. ಮತ್ತೆ ಹೊಯ್ದೆ, ಮತ್ತೂ ಹಾಳಾಯಿತು. ಮೊದಲ ಸೌಟು ಹೊಯ್ದು ಎರಡನೆಯದು ತುಂಬಿಕೊಳ್ಳುವಷ್ಟರಲ್ಲಿ ಮೊದಲಿನದು ಗಟ್ಟಿಯಾಗಿ, ಬಸವಣ್ಣನ ಹೊಟ್ಟೆಯ ಸುತ್ತ ಗೆರೆ ಬಿದ್ದು, ಮುಟ್ಟಿದರೆ ಎರಡು ತುಂಡಾಗುತ್ತಿತ್ತು. ಆ ಅಚ್ಚು ಎರಡು ಜೊತೆ ಕೈ ಕೇಳುತ್ತದೆ. ವಾರಗಿತ್ತಿಯನ್ನು ಕರೆಯುವುದಕ್ಕಿಂತ ಅಚ್ಚನ್ನು ಒಲೆಗೆ ಹಾಕುವುದೇ ವಾಸಿ ಅನ್ನಿಸಿತು.

ಮಾರನೆಯ ದಿನ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ. ಕೆಲಸ ಬಿಡುವ ಮೊದಲು ಒಬ್ಬಳಿಗಾದರೂ ಬಾಯಿ ತುಂಬ ಬೈದು ಬಿಡಬೇಕು ಅಂತಲೇ ಹೋದದ್ದು. ಸೀಟು ಸಿಕ್ಕಿತು, ಅದೂ ಒಂದು ಪುಣ್ಯ. ಕೂತು ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡೆ.

ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಸಕ್ಕರೆಯ ವಾಸನೆ ಬೀದಿಗೇ ಬರುತ್ತಿತ್ತು. ನನಗಿಂತ ತುಸು ದೊಡ್ಡವಳು, ದಪ್ಪ ದನಿ, ಹಣೆಯ ಮೇಲೆ ವಿಭೂತಿ ಮಾತ್ರ. ಗಂಡ ತೀರಿಕೊಂಡಿದ್ದಾನೆ ಅಂತ ಕೊರಳು ನೋಡಿಯೇ ತಿಳಿಯಿತು. ಒಲೆಯ ಮುಂದೆ ಪಾಕ ತಿರುವುತ್ತಿದ್ದಳು.

“ಚನ್ನಗಿರಿಯಿಂದ ಬಂದೀನಿ. ಮೈದಾ ಬೆರೆಸ್ತೀನಂತಲ್ಲ, ಅದನ್ನ ಕೇಳಾಕೆ ಬಂದೀನಿ,” ಅಂದೆ.

ಅವಳು ತಿರುವುವುದನ್ನು ನಿಲ್ಲಿಸಲಿಲ್ಲ. “ಓಹೋ, ನೀನೇನಾ ಆಕೆ? ಅಂದೀನಿ, ಏನೀಗ? ಮುಂಡೆ ಮಾಡಿದ ಆರತಿ ಮದುವೆ ಹುಡುಗಿಗೆ ಆಗಲ್ಲ ಅಂತ ಊರೂರಿಗೆ ಸಾರಿದ್ದು ಯಾರು?”

“ನಾನ್ಯಾಕೆ ಸಾರಲಿ? ನಿನ್ನ ಮುಖಾನೇ ನೋಡಿರಲಿಲ್ಲ.”

“ನೀನಲ್ಲದಿದ್ರೆ ನಿನ್ನಂಥೋಳು. ತಾಳಿ ಹಾಕ್ಕಂಡೋರೆಲ್ಲ ಒಂದೇ.”

“ಶಿವನಾಣೆ ನಾನಲ್ಲ. ಸುಳ್ಳು ಹೇಳಿ ಹೊಟ್ಟೆ ಹೊರೆಯೋಳು ನೀನು...”

“ಏ, ಬಾಯಿ ಮುಚ್ಚೆ! ಪಾಕ ತಿರುಗ್ತೈತೆ. ಬೈಯೋದು ಆಮ್ಯಾಲೆ ಬೈ, ಮದ್ಲು ಆ ಸೌಟು ತಗ!”

ಸೌಟು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಅಂತ ಕೇಳಬೇಡಿ. ಬೆಳ್ಳಗಾಗುತ್ತಿರುವ ಪಾಕ ನೋಡಿದರೆ ನಮ್ಮಂಥವರ ಕೈ ತಾನಾಗಿ ಹೋಗುತ್ತದೆ. ಅವಳು ತಿರುವಿದಳು, ನಾನು ಹೊಯ್ದೆ. ಆನೆ, ನವಿಲು, ಗಿಳಿ, ಮತ್ತೆ ಆನೆ. “ಬೇಗ, ಬೇಗ, ಬಸುರಿ ನಡೆದಂಗೆ ಮಾಡ್ತೀಯಲ್ಲ!” ಅಂತ ಅವಳು. “ನಿನ್ನ ಅಚ್ಚು ನೆಟ್ಟಗೆ ನೆನೆದಿಲ್ಲ, ನೋಡಿಲ್ಲಿ!” ಅಂತ ನಾನು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಾಣಲೆ ಖಾಲಿ. ತಳದಲ್ಲಿ ಉಗುರಿನಷ್ಟು ಸಕ್ಕರೆಯೂ ಉಳಿದಿರಲಿಲ್ಲ. ಅತ್ತೆ ಹೋದ ಮೇಲೆ ಖಾಲಿ ಬಾಣಲೆ ನೋಡಿದ್ದು ಅವತ್ತೇ. ಅವಳೂ ಅದನ್ನೇ ನೋಡುತ್ತ ನಿಂತಿದ್ದಳು. ಅವಳಿಗೂ ಅರ್ಧ ಪಾಕ ಕಲ್ಲಾಗುತ್ತಿತ್ತು ಅಂತ ಆಗ ಗೊತ್ತಾಯಿತು.

ಅಚ್ಚು ಬಿಚ್ಚುವಾಗ ನನ್ನ ಎದೆ ಹಾರಿತು.

“ಹಂ, ಈಗ ಬೈ,” ಅಂದಳು.

ಜೋಡಿಸಿಕೊಂಡು ಬಂದಿದ್ದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. “ನಾಳೆ ನಮ್ಮನಿಗೆ ಬಾ. ಬಸವಣ್ಣನ ಹೊಯ್ಯಬೇಕು,” ಅಂದೆ.

“ನಾನ್ಯಾಕೆ ಬರಲಿ?” ಅಂದಳು. ಆದರೂ ಬಂದಳು.

ಬಂದವಳು ಸುಮ್ಮನಿರಲಿಲ್ಲ. ನಮ್ಮ ಒಲೆ ಸರಿಯಿಲ್ಲ, ಸಕ್ಕರೆ ದಪ್ಪ, ಹಾಲು ನೀರು, ಚಹಾ ಅಂತೂ ಬಾಯಿಗಿಡಾಕೆ ಬರಲ್ಲ. ವಾರಗಿತ್ತಿ ಮೆಟ್ಟಿಲ ಮೇಲಿಂದ “ಯಾರಕ್ಕ ಅದು, ಹೊಸಾ ಕೆಲಸದಾಕಿನಾ?” ಅಂತ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳಂದಳು: “ಹೌದವ್ವ. ನೀನು ಕೆಳಗಿಳಿದು ಬಂದು ಒಂದು ಕಡ್ಡಿ ಎತ್ತಿಟ್ಟಿದ್ರೆ ನನ್ನನ್ಯಾಕೆ ಕರೀತಿದ್ಲು?” ಮೆಟ್ಟಿಲು ಖಾಲಿಯಾಯಿತು. ಇಷ್ಟು ವರ್ಷ ನನ್ನ ಬಾಯಿಗೆ ಬರದ ಮಾತು ಅದು. ಶಿವನು ಅದನ್ನು ಬೇರೆಯವರ ಬಾಯಿಂದಲಾದರೂ ಆಡಿಸಿದ.

ಇಬ್ಬರೂ ಎರಡು ಕಡೆಯಿಂದ ಒಟ್ಟಿಗೇ ಹೊಯ್ದೆವು. ಆರಿದ ಮೇಲೆ ದಾರ ಬಿಚ್ಚಿ ಅಚ್ಚು ಸರಿಸಿದರೆ ಬಸವಣ್ಣ ಕೂತಿದ್ದ. ಹೊಟ್ಟೆಯಲ್ಲಿ ಗೆರೆಯಿಲ್ಲ. ಕೊರಳ ಗೆಜ್ಜೆಯ ಒಂದೊಂದು ಗುಂಡೂ ಕಾಣುತ್ತಿತ್ತು. ಅವಳು ಕೈಮುಗಿದಳು, ಆಮೇಲೆ “ನಿನ್ನ ಅಚ್ಚು ಚಲೋ ಐತೆ, ನಿನ್ನ ಕೈಯಲ್ಲ” ಅಂದು ಬಸ್ಸಿಗೆ ಹೋದಳು.

ನ್ಯಾಮತಿಯ ಆಯಮ್ಮ ಕಾರಿನಲ್ಲಿ ಬಂದರು. ಬಸವಣ್ಣನನ್ನು ನೋಡಿ ಮುಖ ಅರಳಿತು. “ಛಲೋ ಆತ್ರಿ. ಆ ಹೊನ್ನಾಳಿಯಾಕೆಗೆ ಹೇಳಿದ್ದನ್ನ ಬ್ಯಾಡ ಅಂದುಬಿಟ್ಟೆ. ಗಂಡ ಇಲ್ಲದಾಕೆ ಅಂತ ಆಮೇಲೆ ಗೊತ್ತಾತು. ಮದುವೆ ಗೊತ್ತಾದ ಹುಡುಗಿ ಆರತಿಗೆ ಅಂಥೋರ ಕೈ ಬೀಳಬಾರ್ದು ನೋಡ್ರಿ. ಆನೆ, ನವಿಲೂ ನೀವೇ ಮಾಡಿಬಿಡ್ರಿ.”

ಹುಂ ಅಂದಿದ್ದರೆ ಮುಗಿಯುತ್ತಿತ್ತು. ಅವಳ ಕೆಲಸವೂ ನನಗೇ ಬರುತ್ತಿತ್ತು. ಆದರೆ ನಾವಿಬ್ಬರೂ ಹೊಯ್ದ ಆನೆಗಳು ಹೊನ್ನಾಳಿಯ ಆ ಮನೆಯ ಹಲಗೆಯ ಮೇಲೆ ಸಾಲಾಗಿ ಕೂತಿದ್ದು ಕಣ್ಣಿಗೆ ಬಂತು.

“ಈ ಬಸವಣ್ಣಗೂ ಆಕೆ ಕೈ ಬಿದ್ದೈತ್ರಿ. ಅರ್ಧ ಆಕೆನೇ ಹೊಯ್ದಾಳೆ. ಅವಳಿಲ್ಲದಿದ್ರೆ ಇದು ಆಗ್ತಿರಲಿಲ್ಲ.”

ಆಯಮ್ಮ ಚಾಚಿದ್ದ ಕೈ ಹಿಂದೆ ತೆಗೆದುಕೊಂಡರು. “ತಿಳಿದೂ ತಿಳಿದೂ ಹಿಂಗ್ ಮಾಡೀರಲ್ಲ! ನಮ್ಮ ಮನೆ ಶುಭ ನಿಮಗೇನು ಆಟನಾ? ನೀವು ಇನ್ನು ಹೆಂಗೆ ಮಾರ್ತೀರೋ ನೋಡ್ತೀನಿ. ನ್ಯಾಮತಿಯಾಗೆ ಒಬ್ರೂ ನಿಮ್ಮನಿಗೆ ಬರದಂಗೆ ಮಾಡ್ತೀನಿ,” ಅಂದು ಕಾರು ಹತ್ತಿದರು. ಬಸವಣ್ಣ ಮೇಜಿನ ಮೇಲೇ ಉಳಿದ.

ಹೊನ್ನಾಳಿಗೆ ಫೋನು ಮಾಡಿ ಹೇಳಿದೆ. ಅವಳು ಮೆಚ್ಚುತ್ತಾಳೆ ಅಂದುಕೊಂಡರೆ ಉರಿದುಬಿದ್ದಳು. “ನಿನಗೆ ಬುದ್ಧಿ ಐತಾ? ಸುಮ್ನೆ ಕೊಟ್ಟು ಕಳಿಸಾಕೆ ಏನಾಗಿತ್ತು? ನಾನೇನು ನನ್ನ ಹೆಸರು ಹೇಳು ಅಂತ ನಿನ್ನ ಕಾಲು ಹಿಡಿದಿದ್ನಾ? ಇಬ್ರ ಕೆಲಸಾನೂ ಹಾಳು ಮಾಡಿದೆ, ಬೆಪ್ಪಿ!” ಬೈದು ಬೈದು ಸುಸ್ತಾದಳು. ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ, “ಜಗಳೂರು ಕಡೆ ಸೊಕ್ಕೆ ಅಂತ ಊರೈತೆ, ಅಲ್ಲಿ ಒಬ್ಬಾಕೆ ಅದಾಳೆ. ಆಕೆದೂ ಇದೇ ಗೋಳು, ಒಬ್ಬಾಕೆಗೇ ಆಗ್ತಿಲ್ಲ. ಊರ ಹುಡುಗೇರ ಆರತಿಯೆಲ್ಲ ಒಪ್ಪಿಕೊಂಡು ಕೂತಾಳೆ. ಯಾರ ಕೈ ಅಂತ ಅಲ್ಲಿ ಯಾರೂ ಕೇಳಲ್ಲ. ನಾಳೆ ಹೋಗ್ತೀನಿ. ಬರ್ತೀಯೋ, ಅಳ್ತಾ ಕೂಡ್ತೀಯೋ?” ಅಂದಳು.

ಬೆಳಿಗ್ಗೆ ಪೂಜೆ ಮುಗಿಸಿ ಅಚ್ಚುಗಳನ್ನು ಚೀಲಕ್ಕೆ ತುಂಬಿದೆ. ಯಜಮಾನರು ಮಾರಾಕೆ ಅಂದುಕೊಂಡು, “ತಗಳ್ಳೋರನ್ನ ನಾನೇ ಕೇಳಿ ನೋಡ್ತೀನಿ ತಡಿ,” ಅಂದರು. “ಮಾರಲ್ಲ, ಕೆಲಸಕ್ಕೆ ಹೊಂಟೀನಿ. ಅನ್ನ ಸಾರು ಮಾಡಿಟ್ಟೀನಿ, ಬಡಿಸ್ಕಳ್ರಿ,” ಅಂದೆ. ಅವರು ಮೊಬೈಲು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ನಿಲ್ಲಲಿಲ್ಲ.

ಬಸವಣ್ಣನನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಬಸ್ಸು ಬದಲಿಸುತ್ತ ಸೊಕ್ಕೆ ಮುಟ್ಟಿದೆ. ಹೊನ್ನಾಳಿಯವಳು ಆಗಲೇ ಬಂದು ಕೂತಿದ್ದಳು. ಸೊಕ್ಕೆಯಾಕೆ ಸಣಕಲು ಹೆಂಗಸು. ಬಾ ಅನ್ನಲಿಲ್ಲ, ನೀರು ಕೊಡಲಿಲ್ಲ. ಬಟ್ಟೆ ಬಿಚ್ಚಿ ಬಸವಣ್ಣನನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು.

“ಕಿವಿ ಒಂದು ಚೂರು ಓರೆ ಆಗೈತೆ,” ಅಂದಳು.

“ನಿನ್ನ ಕಣ್ಣೇ ಓರೆ,” ಅಂದಳು ಹೊನ್ನಾಳಿಯವಳು. “ನಮ್ಮ ಬಸವಣ್ಣಗೆ ಹೆಸರಿಡಬ್ಯಾಡ.”

ನಮ್ಮ ಅಂದಳು. ನಾನು ಕೇಳಿಸಿಕೊಂಡೆ. ಏನಾದರೂ ಅಂದಿದ್ದರೆ ಆ ಮಾತನ್ನೂ ವಾಪಸು ತೆಗೆದುಕೊಳ್ಳುವವಳು ಅವಳು. ಸೊಕ್ಕೆಯಾಕೆ ಗೊಣಗುತ್ತ ಬಸವಣ್ಣನನ್ನು ತನ್ನ ದೇವರ ಮನೆಯ ಜಗುಲಿಯ ಮೇಲಿಟ್ಟು, ಬಂದು ಒಲೆ ಹಚ್ಚಿದಳು. ಯಾರು ತಿರುವಬೇಕು, ಯಾರು ಹೊಯ್ಯಬೇಕು ಅಂತ ಮೂವರಿಗೂ ಜಗಳ ಹತ್ತಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಬ್ಬರನ್ನೂ ಸರಿಸಿ, ಬಾಣಲೆಗೆ ಸಕ್ಕರೆ ಸುರಿದೆ.