ಕಾವಲು ನಿಲ್ಲುವುದನ್ನು ಕಲಿಸಿದ ಅಕ್ಕ

ಹೋಬೋಕನ್‌ನಲ್ಲಿ ಫೆರ್ರಿಗೆ ಹೋಗುವ ದಾರಿಯಲ್ಲಿ ಒಬ್ಬಾತ ಎತ್ತರದ ಕುರ್ಚಿ ಹಾಕಿಕೊಂಡು ಬೂಟ್ ಪಾಲಿಶ್ ಮಾಡುತ್ತಾನೆ. ಕಳೆದ ವಸಂತದ ಒಂದು ಬೆಳಿಗ್ಗೆ ಅವನು ಪಾಲಿಶ್ ಡಬ್ಬಿಯ ಮೇಲೆ ಲೈಟರ್ ಹಿಡಿದಿದ್ದ. ಕರಗುತ್ತಿದ್ದ ಕಪ್ಪು ಮೇಣದ ವಾಸನೆ ಮೂಗಿಗೆ ಬಡಿಯಿತು. ನನ್ನ ಕಾಲಲ್ಲಿದ್ದದ್ದು ಕ್ಯಾನ್ವಾಸ್ ಶೂ, ಅವನಿಂದ ನನಗೇನೂ ಆಗಬೇಕಾಗಿರಲಿಲ್ಲ. ಆದರೂ ಅಲ್ಲೇ ನಿಂತುಬಿಟ್ಟೆ. ಫೆರ್ರಿ ಹೋಯಿತು, ಒಂಬತ್ತು ಗಂಟೆಯ ಮೀಟಿಂಗೂ ಹೋಯಿತು.

ಆ ವಾಸನೆ ನನಗೆ ಅಕ್ಕನದು. ಒಡಹುಟ್ಟಿದವಳಲ್ಲ, ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವಳು. ಡಬ್ಬಿಗೆ ಬೆಂಕಿ ತೋರಿಸಿ, ಹಳೆಯ ಬನಿಯನ್ ಚೂರನ್ನು ಬೆರಳಿಗೆ ಸುತ್ತಿಕೊಂಡು, ಬೂಟಿನ ಮೂತಿಯಲ್ಲಿ ನಮ್ಮ ಮೂತಿ ಕಾಣುವವರೆಗೆ ತಿಕ್ಕುವುದನ್ನು ಹೇಳಿಕೊಟ್ಟವಳು ಅವಳೇ.

ನಾನು ಓದಿದ್ದು ನ್ಯೂಜೆರ್ಸಿಯ ಒಂದು ಕಾಲೇಜಿನಲ್ಲಿ. ಓದುತ್ತಲೇ ಸೈನ್ಯದ ಅಧಿಕಾರಿಯಾಗಲು ತರಬೇತಿ ಕೊಡುವ ಆರ್‌ಒಟಿಸಿ ಅಲ್ಲಿತ್ತು. ನಮ್ಮ ಕಡೆಯ ಎನ್‌ಸಿಸಿಯನ್ನು ನೆನೆಸಿಕೊಂಡರೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧವೆಂದರೆ, ಇಲ್ಲಿ ಡಿಗ್ರಿಯ ಜೊತೆಗೆ ಲೆಫ್ಟಿನೆಂಟ್ ಪಟ್ಟವೂ ಸಿಗುತ್ತದೆ. ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಅಪ್ಪ ಇದನ್ನು ಸ್ಕಾಲರ್‌ಶಿಪ್ ಎಂದೂ ಅಮ್ಮ ಗ್ರಹಚಾರ ಎಂದೂ ಕರೆಯುತ್ತಿದ್ದರು. ಅದರೊಳಗೆ ವಿದ್ಯಾರ್ಥಿಗಳೇ ನಡೆಸುವ ಒಂದು ಆನರ್ ಗಾರ್ಡ್ ಕ್ಲಬ್. ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಬಾವುಟ ಹಿಡಿದು ನಡೆಯುವುದು, ತೀರಿಕೊಂಡ ಮಾಜಿ ಸೈನಿಕರ ಪೆಟ್ಟಿಗೆಯ ಮೇಲಿನ ಬಾವುಟವನ್ನು ತ್ರಿಕೋನವಾಗಿ ಮಡಚಿ ಅವರ ಮನೆಯವರ ಕೈಗೆ ಕೊಡುವುದು, ಶನಿವಾರಗಳಲ್ಲಿ ಸಮಾಧಿ ಕಲ್ಲುಗಳ ಪಾಚಿ ತೊಳೆಯುವುದು. ಇಂಥ ಕೆಲಸಕ್ಕೆ ಹತ್ತೊಂಬತ್ತು ವರ್ಷದವರು ಮುಗಿಬೀಳುತ್ತಿದ್ದೆವು ಎಂದರೆ ಈಗ ನನ್ನ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ.

ಅಕ್ಕ ಆ ಕ್ಲಬ್ಬಿನ ಕಮಾಂಡರ್. ಮೊದಲ ದಿನ ಡ್ರಿಲ್‌ನಲ್ಲಿ ನಾನು "ಅಯ್ಯೋ ಬೆನ್ನೇ" ಎಂದು ಗೊಣಗಿದ್ದೆ. ಪಕ್ಕದಲ್ಲಿ ಹಾದುಹೋಗುತ್ತಿದ್ದ ಅವಳು ಮುಖ ತಿರುಗಿಸದೆಯೇ "ಬೆನ್ನ ನೆಟ್ಟಗ ಮಾಡ್ರಿ, ಮೈಸೂರು" ಎಂದಳು. ನಾನು ಬೆಚ್ಚಿಬಿದ್ದೆ. ಅವರ ಮನೆಯವರು ವಿಜಯಪುರದ ಕಡೆಯವರು, ಅವಳು ಹುಟ್ಟಿದ್ದು ಬೆಳೆದದ್ದು ಇಲ್ಲೇ ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನಲ್ಲಿ. ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ ಅಮ್ಮನ ಬಾಯಿಂದ ಕಲಿತ ಮಾತು ಎಷ್ಟು ಗಟ್ಟಿಯಾಗಿತ್ತೆಂದರೆ ಹನ್ನೊಂದು ವರ್ಷದವರೆಗೆ ಮೈಸೂರಿನಲ್ಲೇ ಓದಿದ ನನ್ನ ಕನ್ನಡ ಅದರ ಮುಂದೆ ಸಪ್ಪೆ. ಅಂದಿನಿಂದ ನಾನು ಅವಳಿಗೆ "ಮೈಸೂರು", ಅವಳು ನನಗೆ ಅಕ್ಕ.

ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಲೆಫ್ಟಿನೆಂಟ್ ಪಟ್ಟ. ನಮ್ಮಂತೆ ಫೀಸಿಗಾಗಿ ಬಂದವಳಲ್ಲ. ಎಂಟನೆಯ ವಯಸ್ಸಿನಿಂದ ಅದೇ ಜಪವಂತೆ. ಅವಳ ಅಮ್ಮ ಎರಡು ವರ್ಷ ಅತ್ತು, ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದ್ದರು: ಮಗಳು ಪ್ರತಿ ಶುಕ್ರವಾರ ಒಪ್ಪತ್ತು ಮಾಡಬೇಕು, ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆಯೇ ಊಟ, ದೇವಿ ಅವಳನ್ನು ಕಾಯುತ್ತಾಳೆ. ಅಕ್ಕನಿಗೆ ದೇವರಲ್ಲಿ ಎಷ್ಟು ನಂಬಿಕೆಯಿತ್ತೋ ನಾನು ಕಾಣೆ, ಕೊಟ್ಟ ಮಾತಿನಲ್ಲಿ ಮಾತ್ರ ಪೂರ್ತಿ ನಂಬಿಕೆಯಿತ್ತು. ಹಾಸ್ಟೆಲ್ ಕೋಣೆಯಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದು ಬ್ಯಾಟರಿಯ ದೀಪ ಇಟ್ಟುಕೊಂಡಿದ್ದಳು.

ಕ್ಲಬ್ಬಿನಲ್ಲಿ ಅವಳದೇ ಒಂದು ಕಾನೂನಿತ್ತು. ಕಾವಲು ನಿಂತಾಗ ತಲೆಯ ಮೇಲೆ ತಲೆ ಬಿದ್ದರೂ ಕಣ್ಣು ಕದಲಬಾರದು. ಪಕ್ಕದವರು ತಲೆಸುತ್ತಿ ಬಿದ್ದರೆ ನೋಡಬಾರದು. ಬಿದ್ದವರೂ ತೂರಾಡಿಕೊಂಡು ಏಳಬಾರದು, ಬಿದ್ದಲ್ಲೇ ಇರಬೇಕು, ಮುಂದಿನ ಪಾಳಿಗೆ ಬರುವ ಇಬ್ಬರು ಎತ್ತುತ್ತಾರೆ. ನಮ್ಮನ್ನು ಪರೀಕ್ಷಿಸಲು ಬೆನ್ನ ಹಿಂದೆ ಕ್ಯಾಂಟೀನಿನ ತಟ್ಟೆಗಳನ್ನು ಬೀಳಿಸುತ್ತಿದ್ದಳು. ಒಮ್ಮೆ ತಾನೇ ಧೊಪ್ಪೆಂದು ಬಿದ್ದಳು. ಇಬ್ಬರು ತಿರುಗಿ ನೋಡಿ ಒಂದು ವಾರ ಎಲ್ಲರ ಬೂಟು ತಿಕ್ಕಿದರು. ನಾನು ನೋಡಲಿಲ್ಲ. ಆವತ್ತು ಸಂಜೆ ತನ್ನ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಹಚ್ಚಿದ ಚಪಾತಿಯಲ್ಲಿ ನನಗೆ ಅರ್ಧ ಕೊಟ್ಟಳು. ನನ್ನ ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ಪದಕ ಇರಲಿಲ್ಲ.

ಯುದ್ಧಕ್ಕೆ ಹೋಗಿ ಪತ್ತೆಯೇ ಇಲ್ಲದವರ ನೆನಪಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಒಂದು ದಿನ ಕಾವಲು ನಡೆಯುತ್ತಿತ್ತು. ಕಾಲೇಜಿನ ಸ್ಮಾರಕದ ಕಲ್ಲಿನ ಎರಡು ಬದಿಗೆ ಇಬ್ಬರು ರೈಫಲ್ ಹಿಡಿದು ಅರ್ಧರ್ಧ ಗಂಟೆ ನಿಲ್ಲಬೇಕು, ಆಮೇಲೆ ಮುಂದಿನ ಜೋಡಿ. ಅದು ಬರುವುದು ಶುಕ್ರವಾರವೇ. ಅಕ್ಕನ ಕೊನೆಯ ವರ್ಷ ಅದು, ಮೇ ತಿಂಗಳಲ್ಲಿ ಪಟ್ಟ ಆಗಬೇಕಿತ್ತು. ಆ ಮಧ್ಯಾಹ್ನ ಒಬ್ಬ ಹುಡುಗ ಬರಲಿಲ್ಲವೆಂದು ಅವನ ಪಾಳಿಗೂ ಅವಳೇ ನಿಂತಳು. ನಂತರದ್ದು ನನ್ನ ಜೊತೆ ಅವಳದೇ ಪಾಳಿ. ಅವಳ ಹೊಟ್ಟೆಗೆ ಏನೂ ಬಿದ್ದಿಲ್ಲ ಎನ್ನುವುದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬಿಸಿಲು ಕೆಟ್ಟದಾಗಿತ್ತು...

ನಮ್ಮಿಬ್ಬರ ನಡುವೆ ಕಲ್ಲು. ತಲೆ ತಿರುಗಿಸದೆ ಅವಳು ನನಗೆ ಕಾಣುವಂತಿರಲಿಲ್ಲ. ಎದುರಿಗೆ ಲೈಬ್ರರಿಯ ಗಡಿಯಾರ. ಎರಡು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ರೈಫಲ್ ಬಿದ್ದ ಸದ್ದು, ಹಿಂದೆಯೇ ಮೈ ಬಿದ್ದ ಸದ್ದು. ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಎರಡು ನಿಮಿಷಕ್ಕೆಲ್ಲ ಪರೀಕ್ಷೆಯಲ್ಲ ಎಂದು ತಿಳಿಯಿತು. ಆದರೂ ತಿರುಗಲಿಲ್ಲ. ಕಿವಿಯಲ್ಲಿ ಇಯರ್‌ಬಡ್ ಇದ್ದ ಒಬ್ಬಳು ನಿಂತು ನೋಡಿ, ಇದೂ ಸಮಾರಂಭದ ಭಾಗವೇನೋ ಎಂಬಂತೆ ಫೋಟೋ ತೆಗೆದು ಹೋದಳು. ಎರಡೂವರೆಗೆ ಮುಂದಿನ ಜೋಡಿ ಬಂದು ಕೂಗಿಕೊಂಡಿತು. ಮೆಟ್ಟಿಲಿಗೆ ಬಡಿದು ಅವಳ ಗದ್ದ ಒಡೆದಿತ್ತು.

ನಮ್ಮ ಬೋಧಕರಾಗಿದ್ದ ಸಾರ್ಜೆಂಟ್ ನನ್ನನ್ನು ಆಫೀಸಿಗೆ ಕರೆದು, ಬಿದ್ದವರನ್ನು ಎತ್ತಬಾರದು ಎಂಬ ಕಾನೂನು ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ, ಅದು ಅಕ್ಕ ಮಾಡಿದ್ದು. ಮನುಷ್ಯರು ಬಿದ್ದರೆ ಎತ್ತಬೇಕು ಎನ್ನುವುದಷ್ಟೇ ಸೈನ್ಯದ ಕಾನೂನು ಎಂದರು. ಆಮೇಲೆ ಡಾಕ್ಟರಿಗೆ ಕಳಿಸಲು ಹೇಳಿಕೆ ಬರೆದುಕೊಡು ಎಂದು ಕಾಗದ ತಳ್ಳಿದರು: ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ನೀನು ನೋಡಿದೆಯಾ? ಪಕ್ಕದಲ್ಲಿ ಒಬ್ಬಳು ಬಿದ್ದಿದ್ದರೂ ಹನ್ನೊಂದು ನಿಮಿಷ ಕಣ್ಣು ಕೂಡ ಹೊರಳಿಸಲಿಲ್ಲ ಎಂದು ಬರೆಯಲು ನನಗೆ ನಾಚಿಕೆಯಾಯಿತು. ಗಮನಿಸುತ್ತಲೇ ಇದ್ದೆ, ಹನ್ನೊಂದು ನಿಮಿಷವೂ ಪ್ರಜ್ಞೆ ಇರಲಿಲ್ಲ ಎಂದು ಬರೆದೆ. ಗಡಿಯಾರ ನೋಡಿದ್ದನ್ನೇ ಅವಳನ್ನು ನೋಡಿದ್ದೆಂದು ಬರೆದು ಸಹಿ ಹಾಕಿದೆ.

ಹಸಿವಿನಲ್ಲಿ, ಬಿಸಿಲಿನಲ್ಲಿ ತಲೆಸುತ್ತಿ ಬಿದ್ದವರಿಗೆ ಒಂದೆರಡು ನಿಮಿಷದಲ್ಲಿ ಎಚ್ಚರವಾಗುತ್ತದೆ. ಹನ್ನೊಂದು ನಿಮಿಷವೆಂದರೆ ಮಿದುಳಿನದೇ ಏನೋ ದೋಷ ಎಂದು ಸೈನ್ಯದ ಡಾಕ್ಟರುಗಳು ಹಿಡಿದರು. ಸ್ಕ್ಯಾನ್‌ಗಳಲ್ಲಿ ಏನೂ ಕಾಣಲಿಲ್ಲ. ತನಗೆ ಬೇಗ ಎಚ್ಚರವಾಗಿತ್ತು ಎಂದು ಅವಳು ಹೇಳಿದಳು, ಆದರೆ ಬಿದ್ದವಳ ಮಾತಿಗಿಂತ ನೋಡಿದವನ ಮಾತಿಗೆ ಬೆಲೆ ಹೆಚ್ಚು.

ಗದ್ದದ ಹೊಲಿಗೆ ಬಿಚ್ಚುವ ಮೊದಲೇ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ಬೂಟು, ಬಾವುಟ ಇಡುವ ಕೋಣೆಯಲ್ಲಿ ನಾನೊಬ್ಬನೇ ಪಾಲಿಶ್ ಹಚ್ಚುತ್ತಿದ್ದೆ. ಎದುರಿಗೆ ಕೂತಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಎರಡ ನಿಮಿಷಕ್ಕ ನನಗ ಎಚ್ಚರಾಗಿತ್ತು, ಮೈಸೂರು. ಎದ್ದರ ಕಾವಲು ಕೆಡತದ ಅಂತ ಹಂಗ ಬಿದ್ದಿದ್ದೆ. ನೀ ನೋಡಿಲ್ಲ ಅಂತ ನನಗ ಗೊತ್ತದ. ನಾನs ಕಲಿಸೀನಲ್ಲ. ನೋಡಿಲ್ಲ ಅಂತ ಒಂದ್ ಲೈನ್ ಬರದ್ ಕೊಡು, ಸಾಕು."

"ನಾಳೆ ಕೊಡ್ತೀನಿ ಅಕ್ಕ" ಎಂದೆ.

ಆ ಒಂದು ಸಾಲು ಬರೆದರೆ ಮೊದಲು ಬರೆದದ್ದು ಸುಳ್ಳು ಎಂದು ಒಪ್ಪಿಕೊಂಡಂತೆ. ಸುಳ್ಳು ಹೇಳಿಕೆ ಕೊಟ್ಟವರನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ. ಅಪ್ಪನ ಮುಖ ನೆನಪಾಯಿತು. ನಾಳೆ ಎಂದೆ, ನಾಡಿದ್ದು ಎಂದೆ, ಮಿಡ್‌ಟರ್ಮ್ ಮುಗಿಯಲಿ ಎಂದುಕೊಂಡೆ. ಡಾಕ್ಟರುಗಳ ತೀರ್ಮಾನಕ್ಕೆ ಇನ್ನೂ ಮೂರು ವಾರ ಸಮಯವಿತ್ತು. ಅವಳು ಮತ್ತೊಮ್ಮೆ ಕೇಳಿದ್ದರೆ ಕೊಡುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಆ ಸಮಾಧಾನವೂ ಉಳಿದಿಲ್ಲ. ಅವಳು ಯಾರನ್ನೂ ಎರಡನೆಯ ಸಲ ಕೇಳುವವಳಲ್ಲ ಎಂದು ಗೊತ್ತಿದ್ದೇ ನಾನು ಕಾದು ಕೂತಿದ್ದೆ.

ಅವಳು ಸೈನ್ಯಕ್ಕೆ ಅನರ್ಹ ಎಂಬ ಕಾಗದ ಅಕ್ಟೋಬರಿನಲ್ಲಿ ಬಂತು. ಯೂನಿಫಾರ್ಮ್ ಮಡಚಿ ಹಿಂದಕ್ಕೆ ಕೊಟ್ಟಳು. ಕ್ಲಬ್ಬಿನ ಜವಾಬ್ದಾರಿ ಯಾರಿಗೆ ಎಂದಾಗ ನನ್ನ ಹೆಸರನ್ನೇ ಹೇಳಿದಳಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಕಾಲೇಜಿನಲ್ಲಿ ಅವಳನ್ನು ಕಂಡಾಗಲೆಲ್ಲ ಫೋನ್ ತೆಗೆದು ಕಿವಿಗೆ ಹಿಡಿಯುತ್ತಿದ್ದೆ. ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಡಿಗ್ರಿ ಮುಗಿಸಿ ಲಾಂಗ್ ಐಲೆಂಡಿನಲ್ಲಿ ಯಾವುದೋ ಇನ್ಶೂರೆನ್ಸ್ ಆಫೀಸು ಸೇರಿದಳು ಎಂದು ಕೇಳಿದೆ. ನನಗೆ ಪಟ್ಟವಾಯಿತು. ನಾಲ್ಕು ವರ್ಷ ಕ್ಯಾನ್ಸಸ್‌ನಲ್ಲಿ ಟ್ರಕ್ಕುಗಳ ಬಿಡಿಭಾಗ ಎಣಿಸಿ ವಾಪಸ್ಸು ಬಂದೆ. ಅವಳಿಗೆ ಸಿಕ್ಕಬೇಕಾದದ್ದು ಪೋಲಾದದ್ದು ಹೀಗೆ.

ಎರಡು ಚಳಿಗಾಲದ ಹಿಂದೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಕ್ಯಾನ್ಸರ್ ಅಂತೆ, ತಿಳಿದ ಮೇಲೆ ಆರೇ ತಿಂಗಳು. ನಾನೂ ಒಂದು ಕೈಮುಗಿದ ಚಿತ್ರ ಹಾಕಿದೆ. ಹೋಗಲಿಲ್ಲ...

ಪಾಲಿಶ್ ವಾಸನೆ ಬಂದ ಆ ವಾರ ನನಗೆ ನಿದ್ದೆ ಹತ್ತಲಿಲ್ಲ. ಭಾನುವಾರ ಟ್ರೇನ್ ಹಿಡಿದು ಹಿಕ್ಸ್‌ವಿಲ್‌ಗೆ ಹೋದೆ. ನಾನು ಯಾರೆಂದು ಹೇಳುತ್ತಲೇ ಅಕ್ಕನ ಅಮ್ಮ, ನನಗೆ ಆಂಟಿ, ಗುರುತು ಹಿಡಿದರು. ಆ ದಿನ ಮಗಳ ಪಕ್ಕದಲ್ಲಿ ನಿಂತಿದ್ದ ಹುಡುಗ ಎಂದು ಹತ್ತಿರ ಕೂರಿಸಿಕೊಂಡು, ಬೇಡವೆಂದರೂ ಅವಲಕ್ಕಿ ಕೊಟ್ಟರು. ಮಗಳು ಬಿದ್ದ ಮೇಲೆ ತಾವು ಶುಕ್ರವಾರದ ಪೂಜೆಯನ್ನೇ ಬಿಟ್ಟಿದ್ದಾಗಿ ಹೇಳಿದರು.

"ನನ್ನ ಒಪ್ಪತ್ತs ಆಕೀನ್ನ ಕೆಡವಿತು, ತಮ್ಮಾ. ದೇವಿ ಕಾಯ್ತಾಳ ಅಂದಿದ್ದೆ. ನಾನs ಆಕಿ ನೌಕರಿ ಕಳದೆ."

ನಾನು ಹೇಳಿಬಿಟ್ಟೆ. ಒಪ್ಪತ್ತಿನಿಂದ ಬಿದ್ದದ್ದು ಎರಡು ನಿಮಿಷದ ಮಾತು, ಪಟ್ಟ ತಪ್ಪಿಸಿದ್ದು ನನ್ನ ಕಾಗದ ಎಂದೆ. ನೋಡದೆ ನೋಡಿದೆನೆಂದು ಬರೆದದ್ದು, ಅವಳು ಬಂದು ಕೇಳಿದ್ದು, ನಾಳೆ ನಾಳೆ ಎಂದದ್ದು, ಒಂದನ್ನೂ ಬಿಡದೆ ಹೇಳಿದೆ. ಇಷ್ಟು ವರ್ಷ ತನ್ನದೇ ತಪ್ಪೆಂದುಕೊಂಡ ತಾಯಿಯ ಮೇಲಿಂದ ಆ ಭಾರವಾದರೂ ಇಳಿಯಲಿ ಎಂದು ನನ್ನ ಲೆಕ್ಕಾಚಾರ. ಬೈಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ಕಾದೆ.

"ಇದು ಆಕಿಗೆ ಗೊತ್ತಿತ್ತೇನು?" ಎಂದರು.

"ಗೊತ್ತಿತ್ತು ಆಂಟಿ."

"ನಾ ಇಷ್ಟ ವರ್ಷ ಆಕಿ ಮುಂದ ಕೂತ ಅತ್ತೀನಿ, ನನ್ನಿಂದ ಆತು ಅಂತ. ದವಾಖಾನ್ಯಾಗ ಆಕಿ ಕೈ ಹಿಡದೂ ಅತ್ತೀನಿ. ಇಲ್ಲ ಅಂತ ಒಮ್ಮೆರೆ ಹೇಳಬೇಕಿತ್ತಲ್ಲ. ಯಾಕ ಹೇಳಲಿಲ್ಲ ಆಕಿ?"

ನನ್ನನ್ನು ಉಳಿಸಲೆಂದು ಅಕ್ಕ ಬಾಯಿ ಬಿಡಲಿಲ್ಲ, ಅದಕ್ಕಾಗಿ ಹೆತ್ತ ತಾಯಿಯನ್ನು ಅಳಲು ಬಿಟ್ಟಳು ಎಂದು ನಾನು ಹೇಗೆ ಹೇಳಲಿ? ಅದು ನಿಜವೋ ಅಲ್ಲವೋ, ಅದೂ ನನಗೆ ತಿಳಿಯದು. ಭಾರ ಇಳಿಸಲು ಹೋದವನು ಅವರ ಮೇಲೆ ಇನ್ನೊಂದನ್ನು ಹೊರಿಸಿ ಕೂತಿದ್ದೆ. ಹೇಳಬಲ್ಲವಳು ಒಬ್ಬಳೇ ಇದ್ದಳು, ಅವಳಿಲ್ಲ. ಆಂಟಿ ನನ್ನ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತಲೇ ಇದ್ದರು.