ಜೋಕಿಮ್ ಪೊರ್ಬುಗಳು ನೀರು ಬೆರೆಸಿದ್ದು

ಕಟಪಾಡಿಯ ಜೋಕಿಮ್ ಪೊರ್ಬುಗಳದ್ದು ಒಂದೇ ಧರ್ಮ: ಮದ್ಯಕ್ಕೆ ನೀರು ಬೆರೆಸಬಾರದು. ಹಾಗಂತ ಕುಡುಕರಲ್ಲ ಮಾರಾಯ್ರೆ, ಹಬ್ಬಕ್ಕೆ ಒಂದು ಗುಟುಕು, ಅಷ್ಟೇ. ಬಾರಿನಲ್ಲಿ ಜೀವಮಾನವಿಡೀ ಗ್ಲಾಸು ತುಂಬಿಸಿದವರು. ಗಿರಾಕಿ ನೀರು ಕೇಳಿದರೆ ಎದುರಿನ ಹೋಟೆಲಿಗೆ ದಾರಿ ತೋರಿಸುತ್ತಿದ್ದರು. ಧಣಿ ಬಾಟ್ಲಿಗೆ ನೀರು ಸೇರಿಸಿದ್ದು ಕಂಡ ದಿನ ಕೆಲಸ ಬಿಟ್ಟರು. ಮಗಳ ಮದುವೆಯಲ್ಲಿ ವೈನಿಗೆ ನೀರು ಸುರಿದನೆಂದು ಹೆಂಡತಿ ಇಮೆಲ್ಡಾಳ ಅಣ್ಣನೊಡನೆ ಮಾತು ಬಿಟ್ಟರು. ಇಗರ್ಜಿಯಲ್ಲಿ ಪಾದ್ರಿಗಳು ಪೂಜೆಯ ವೈನಿಗೆ ಹನಿ ನೀರು ಹಾಕುವಾಗ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಜನ ಅದನ್ನು ಭಕ್ತಿ ಎಂದುಕೊಂಡಿದ್ದರು.

ಮಗಳು ಜೆನಿಟಾ ಮಣಿಪಾಲದಲ್ಲಿ ಲ್ಯಾಬಿನ ಕೆಲಸದವಳು. ಬಾಣಂತನಕ್ಕೆ ತವರಿಗೆ ಬಂದಳು. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಇಷ್ಟೇ ಇಷ್ಟು. ಕೈಗೆ ಸ್ಯಾನಿಟೈಸರ್ ಉಜ್ಜದೆ ಯಾರೂ ಮುಟ್ಟುವಂತಿಲ್ಲ ಎಂದಳು. ಅದರಲ್ಲಿ ಸ್ಪಿರಿಟಿನ ಜೊತೆ ನೀರು ಉಂಟೆಂದು ಬಾಟ್ಲಿಯ ಮೇಲೆ ಓದಿ ಪೊರ್ಬುಗಳಿಗೆ ಮೈ ಉರಿಯಿತು. ಮೊಮ್ಮಗಳಿಗೂ ಕಲಬೆರಕೆಯೇ? ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ, ಪರಿಚಯದ ಕೆಮಿಕಲ್ ಅಂಗಡಿಯಿಂದ ಅಪ್ಪಟ ಸ್ಪಿರಿಟ್ ತಂದು, ಮೊಣಕೈವರೆಗೆ ಸುರಿದುಕೊಂಡು ತೊಟ್ಟಿಲ ಬಳಿ ಬಂದರು. ಜೆನಿಟಾ ಅಡ್ಡ ನಿಂತಳು.

ನೀರಿಲ್ಲದ ಸ್ಪಿರಿಟ್ ಕ್ರಿಮಿಯ ಹೊರಮೈಯನ್ನು ಥಟ್ಟನೆ ಗಟ್ಟಿ ಮಾಡುತ್ತದೆ, ಒಳಗಿಳಿಯುವ ಮೊದಲೇ ಆರಿಹೋಗುತ್ತದೆ ಎಂದಳು. ಎಣ್ಣೆ ವಿಪರೀತ ಕಾದರೆ ಗೋಳಿಬಜೆ ಹೊರಗೆ ಕೆಂಪು, ಒಳಗೆ ಹಸಿಹಿಟ್ಟು ಅಲ್ವಾ, ಹಾಗೆ. ಏಳು ಪಾಲಿಗೆ ಮೂರು ಪಾಲು ನೀರು ಬಿದ್ದರೆ ನಿಧಾನ ಆರುತ್ತದೆ, ಒಳಗೆ ಹೊಕ್ಕು ಕೊಲ್ಲುತ್ತದೆ.

“ನೀರು ಹಾಕಿ ಪಪ್ಪಾ. ಇಲ್ಲದಿದ್ದರೆ ಮಗು ಇಲ್ಲ.”

ಪೊರ್ಬುಗಳು ಮುಖ ಊದಿಸಿ ಜಗಲಿಯಲ್ಲಿ ಕೂತರು. ಒಳಗೆ ಇಮೆಲ್ಡಾ ಮಗುವನ್ನು ಮಡಿಲಲ್ಲಿಟ್ಟು ಹಾಡುವುದು ಕೇಳಿತು. ಊಟ ಬಿಡಬಹುದು, ಕೆಲಸ ಬಿಡಬಹುದು, ಇದನ್ನು ಬಿಡುವುದು ಹೇಗೆ? ಹೊಟ್ಟೆಕಿಚ್ಚು ಧರ್ಮವನ್ನು ಗೆದ್ದಿತು.

ಹಳೆಯ ಗಿರಾಕಿಗಳ ಕಣ್ಣಿಗೆ ಬಿದ್ದರೆ ಮರ್ಯಾದೆ ಹೋಯಿತೆಂದು ರಸ್ತೆಯ ಕಡೆಯ ಕಿಟಕಿ ಮುಚ್ಚಿದರು. ಯೇಸುವಿನ ಪಟದ ಮುಂದೆ ಮೊಂಬತ್ತಿ ಹಚ್ಚಬೇಕೆಂದಿದ್ದರು, ಸ್ಪಿರಿಟಿನ ಹತ್ತಿರ ಬೆಂಕಿ ಬೇಡ ಎಂದು ಜೆನಿಟಾ ಗದರಿದಳು. ಬಾರಿನ ಪೆಗ್ ಅಳತೆಯಲ್ಲೇ ಏಳು ಸ್ಪಿರಿಟ್, ಮೂರು ನೀರು ಸುರಿದರು. ಕೈಗೆ ಉಜ್ಜಿ, ಆರುವವರೆಗೆ ಕಾದು, ಮಗುವನ್ನು ಎತ್ತಿಕೊಂಡರು.

ಮಗು ಅಜ್ಜನನ್ನು ಒಮ್ಮೆ ನೋಡಿ, ಎದೆಯಿಂದ ಲುಂಗಿಯವರೆಗೆ ಬೆಚ್ಚಗೆ ತೋಯಿಸಿಬಿಟ್ಟಿತು. ಇಮೆಲ್ಡಾ ನಗುತ್ತಾ ಮಗುವಿಗೆ ಕೈಚಾಚಿದಳು. ಪೊರ್ಬುಗಳು ಕೊಡದೆ ಹಿಂದೆ ಸರಿದರು. ಕಣ್ಣಲ್ಲಿ ನೀರಿತ್ತು.

“ಇರಲಿ. ನಿನ್ನ ಅಣ್ಣನಿಗೆ ಫೋನು ಮಾಡು, ಇವಳನ್ನು ನೋಡಲು ಬರಲಿ” ಎಂದರು.